ಮೇಲಿನ ಮೂರಡಿ

ನಮ್ಮ ಹಳ್ಳಿಯಲ್ಲಿ ಬೇಲಿ ಹಾಕಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಮಳೆಗಾಲಕ್ಕೆ ಮುಂಚೆ ಕಳ್ಳಿಯ ತುಂಡನ್ನೋ ಲಕ್ಕಿಯ ಕಡ್ಡಿಯನ್ನೋ ನೆಟ್ಟರೆ ಮುಗಿಯಿತು. ಮಿಕ್ಕದ್ದನ್ನು ಮಳೆರಾಯ ನೋಡಿಕೊಳ್ಳುತ್ತಿದ್ದ. ಆ ಬೇಲಿ ದನಗಳನ್ನು ತಡೆಯುತ್ತಿತ್ತೇ ಹೊರತು ಮಾತನ್ನಲ್ಲ. ನಮ್ಮಜ್ಜಿ ಅರ್ಧ ಊರಿನ ಸಮಾಚಾರವನ್ನು ಬೇಲಿಯ ಈಚೆ ನಿಂತೇ ಸಂಪಾದಿಸುತ್ತಿದ್ದಳು.

ದೆಹಲಿಯ ಮಾತೇ ಬೇರೆ. ಇದು ಹಿಂದಿನಿಂದಲೂ ಗೋಡೆಗಳ ಊರು. ಷಹಜಹಾನ್ ಕಟ್ಟಿಸಿದ ಪಟ್ಟಣದ ಸುತ್ತುಗೋಡೆ ಬಹುಪಾಲು ಮಾಯವಾಗಿದ್ದರೂ ಅಜ್ಮೇರಿ ಗೇಟು, ತುರ್ಕಮಾನ್ ಗೇಟು ಇನ್ನೂ ನಿಂತಿವೆ. ಈಗ ಬಾದಷಹನಿಲ್ಲ, ಒಬ್ಬೊಬ್ಬ ಗೃಹಸ್ಥನೂ ತನ್ನ ಇನ್ನೂರು ಗಜದ ಸಾಮ್ರಾಜ್ಯಕ್ಕೆ ತಾನೇ ಕೋಟೆ ಕಟ್ಟಿಕೊಳ್ಳುತ್ತಾನೆ. ನಾನೂ ಕಟ್ಟಿದೆ.

ಜನಕಪುರಿಯ ನಮ್ಮ ಮನೆಗೂ ಪಕ್ಕದ ಬೀಜಿಯ ಮನೆಗೂ ನಡುವೆ ಇದ್ದದ್ದು ಐದಡಿ ಗೋಡೆ. ಬೀಜಿ ದೇಶ ಇಬ್ಭಾಗವಾದಾಗ ಲಾಯಲಪುರದಿಂದ ಬಂದ ಹೆಂಗಸು. ಪತಿ ತೀರಿಹೋಗಿದ್ದರು, ಮಗ ಪುಣೆಯಲ್ಲಿ. ಬೆಳಿಗ್ಗೆ ಏಳಕ್ಕೆ ಅವರ ಬಿಳಿಯ ದುಪಟ್ಟ ಗೋಡೆಯ ಮೇಲೆ ಕಾಣಿಸುವುದು, “ಚಹಾ ಆಯಿತೇ ಪುತ್ತರ್?” ಎನ್ನುವುದು ನಮ್ಮ ಗಡಿಯಾರವೇ ಆಗಿತ್ತು. ಲೋಹಡಿಯ ದಿನ ಆ ಕಡೆಯಿಂದ ರೇವಡಿ, ಕಡಲೆಕಾಯಿ ಬರುತ್ತಿತ್ತು. ಮಾರನೆಯ ದಿನ ಸಂಕ್ರಾಂತಿಗೆ ಈ ಕಡೆಯಿಂದ ಎಳ್ಳುಬೆಲ್ಲ ಹೋಗುತ್ತಿತ್ತು. ಎರಡೂ ಎಳ್ಳು, ಎರಡೂ ಬೆಲ್ಲ. ನೀವೇ ನಮ್ಮನ್ನು ನೋಡಿ ಕಲಿತಿರಿ ಎಂದು ಬೀಜಿಯೂ ನನ್ನ ಹೆಂಡತಿಯೂ ವರ್ಷಾವರ್ಷ ಜಗಳವಾಡುತ್ತಿದ್ದರು.

2017ರ ಶರತ್ಕಾಲದಲ್ಲಿ ನಮ್ಮ ಗಲ್ಲಿಯಲ್ಲಿ ಕಳ್ಳರ ಕಾಟ ಹೆಚ್ಚಿತು. ನಮ್ಮ ಹಿತ್ತಿಲ ಹಿತ್ತಾಳೆ ನಲ್ಲಿಯೂ ಹೋಯಿತು. ನಾನು ಮಿಸ್ತ್ರಿಯನ್ನು ಕರೆಸಿದೆ. “ಎಂಟಡಿ ಎಬ್ಬಿಸಿಬಿಡೋಣ ಸಾಹೇಬ್, ಎಲ್ಲರೂ ಎಬ್ಬಿಸುತ್ತಾರೆ” ಎಂದ. ಮೂವತ್ತೈದು ವರ್ಷ ಸರ್ಕಾರದ ಕಡತಗಳಲ್ಲಿ ನಿಯಮ ಹುಡುಕಿದ ನಾನು, ನನ್ನ ಗೋಡೆಯ ವಿಷಯಕ್ಕೆ ಒಂದು ನಿಯಮವನ್ನೂ ಹುಡುಕಲಿಲ್ಲ. ನಾಲ್ಕು ದಿನದಲ್ಲಿ ಇಟ್ಟಿಗೆ ಎದ್ದು ನಿಂತಿತು. ಬೀಜಿ ಕೇಳಿದ್ದು ಒಂದೇ ಮಾತು: “ಇನ್ನು ಬಿಸಿಲು ಎಲ್ಲಿಂದ ಬರುತ್ತದೆ, ಪುತ್ತರ್?” ನಾನು ನಕ್ಕು ಸುಮ್ಮನಾದೆ.

2018ರ ಸಂಕ್ರಾಂತಿ. ಹಿಂದಿನ ದಿನ ರೇವಡಿ ಬಂದಿರಲಿಲ್ಲ. ಗೋಡೆಯ ಕಾರಣಕ್ಕೆ ಮುನಿಸಿಕೊಂಡಿದ್ದಾರೆ ಅಂದುಕೊಂಡೆವು. ಹತ್ತು ಗಂಟೆಗೆ ನನ್ನವಳು ಎಳ್ಳುಬೆಲ್ಲದ ತಟ್ಟೆ ಹಿಡಿದು ಬೀದಿಯ ಕಡೆಯಿಂದ ಹೋದಳು. ಗೇಟಿನಲ್ಲಿ ಹಾಲಿನ ಪ್ಯಾಕೆಟ್ಟು ಹಾಗೇ ಇತ್ತು. ಎಷ್ಟು ಬಡಿದರೂ ಬಾಗಿಲು ತೆರೆಯಲಿಲ್ಲ. ಕಡೆಗೆ ಏಣಿ ತಂದು, ನಾನು ಎಬ್ಬಿಸಿದ ಗೋಡೆಯನ್ನು ನಾನೇ ಹತ್ತಬೇಕಾಯಿತು. ಬೀಜಿ ಹಿತ್ತಿಲಲ್ಲಿ, ನಲ್ಲಿಯ ಪಕ್ಕದಲ್ಲಿ ಬಿದ್ದಿದ್ದರು. ಮುಂಜಾನೆ ನೀರು ಹಿಡಿಯಲು ಬಂದವರು ಜಾರಿದ್ದರು. ಸೊಂಟದ ಮೂಳೆ ಮುರಿದಿತ್ತು. ದೆಹಲಿಯ ಜನವರಿ ಚಳಿಯಲ್ಲಿ ಮೂರು ಗಂಟೆಯ ಹೊತ್ತು!

ಆಸ್ಪತ್ರೆಯಲ್ಲಿ ಅವರು ಹೇಳಿದರು: “ಕೂಗಿದೆ ಪುತ್ತರ್. ನೀವು ಊರಿಗೆ ಹೋಗಿರಬೇಕು ಅಂದುಕೊಂಡೆ.” ಆಕ್ಷೇಪಣೆಯ ಒಂದೆಳೆಯೂ ಆ ದನಿಯಲ್ಲಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ ಒಂದು ಭಾನುವಾರ ನಮ್ಮ ಸಂಘದಲ್ಲಿ ಸಿಕ್ಕ ನಿವೃತ್ತ ಎಂಜಿನಿಯರ್ ಮಿತ್ರರೊಬ್ಬರ ಮುಂದೆ ಇದನ್ನೆಲ್ಲ ಹೇಳಿಕೊಂಡೆ. ಅವರು ದೆಹಲಿಯ 2016ರ ಏಕೀಕೃತ ಕಟ್ಟಡ ಉಪವಿಧಿಗಳನ್ನು ತೆರೆದು ತೋರಿಸಿದರು. ವಿಶೇಷ ಅನುಮತಿ ಇಲ್ಲದಿದ್ದರೆ ಕಾಂಪೌಂಡು ಗೋಡೆ ಮುಂದಿನ ರಸ್ತೆಯ ನಡುಮಟ್ಟದಿಂದ 1.5 ಮೀಟರ್ ಮೀರಬಾರದು; ಅಂದರೆ ಸುಮಾರು ಐದಡಿ. 2.4 ಮೀಟರ್‌ವರೆಗೆ, ಎಂದರೆ ಎಂಟಡಿಯವರೆಗೆ ಏರಿಸಲೂಬಹುದು. ಆದರೆ ಮೇಲಿನ 0.9 ಮೀಟರ್, ಮೂರಡಿ, ಕಂಬಿಯದೋ ಜಾಲರಿಯದೋ ಆಗಿ ತೆರೆದಿರಬೇಕು, ನೋಟ ಹಾಯುವಂತಿರಬೇಕು. ಮೂಲೆಯ ನಿವೇಶನವಾದರೆ ತಿರುವಿನ ಎರಡೂ ಬದಿಗೆ ಹತ್ತು ಮೀಟರ್ ಉದ್ದ ಗೋಡೆ 0.75 ಮೀಟರ್ ಮಾತ್ರ. ಉಳಿದ ಎತ್ತರ ಬೇಕಾದರೆ ಕಂಬಿ. ಗೇಟು ಒಳಕ್ಕೇ ತೆರೆಯಬೇಕು, ದಾರಿಯ ಮೇಲಕ್ಕಲ್ಲ. ಇಷ್ಟರ ಮಿತಿಯಲ್ಲಿ ಕಟ್ಟುವುದಾದರೆ ಪ್ರತ್ಯೇಕ ಪರವಾನಗಿಯೂ ಬೇಡ.

ಓದಿ ಬೆಪ್ಪಾದೆ. ಮಿತ್ರರು ಇದನ್ನು ಗಾಳಿ ಬೆಳಕಿನ ಲೆಕ್ಕ, ವಾಹನ ಕಾಣುವ ಲೆಕ್ಕ ಎಂದು ವಿವರಿಸಿದರು. ಇರಬಹುದು. ಆದರೆ ಐದಡಿ ಎಂದರೆ ನಿಂತ ಮನುಷ್ಯನ ಮುಖ ಕಾಣುವ ಎತ್ತರ ಎಂಬುದು ನನಗೆ ಬೀಜಿಯ ದುಪಟ್ಟದಿಂದಲೇ ಗೊತ್ತಿತ್ತು. ಉಪವಿಧಿಗಳನ್ನು ಜನಕ್ಕೆ ಕಿರುಕುಳ ಕೊಡಲೆಂದೇ ಬರೆಯುತ್ತಾರೆ ಎಂದು ನಾವೆಲ್ಲ ಗೊಣಗುತ್ತೇವೆ. ಈ ಒಂದನ್ನು ಬರೆದ ಪುಣ್ಯಾತ್ಮನಿಗೂ ಗೋಡೆಯ ಆಚೆ ಒಬ್ಬ ಬೀಜಿ ಇದ್ದಿರಬೇಕು.

ಅದೇ ಮಿಸ್ತ್ರಿಯನ್ನು ಕರೆಸಿ ಮೇಲಿನ ಮೂರಡಿ ಒಡೆಸಿ ಕಂಬಿ ಹಾಕಿಸಿದೆ. ಹೊರಕ್ಕೆ ತೆರೆಯುತ್ತಿದ್ದ ಗೇಟನ್ನೂ ಒಳಕ್ಕೆ ತಿರುಗಿಸಿದೆ. ಕಟ್ಟಿದ್ದಕ್ಕಿಂತ ಒಡೆದದ್ದಕ್ಕೇ ಕೂಲಿ ಜಾಸ್ತಿಯಾಯಿತು. ಹೋಳಿಯ ಹೊತ್ತಿಗೆ ಬೀಜಿ ವಾಕರ್ ಹಿಡಿದು ಹಿತ್ತಿಲಿಗೆ ಬಂದರು. ಕಂಬಿಯ ನೆರಳು ಅವರ ಕುರ್ಚಿಯ ಮೇಲೆ ಗೆರೆ ಗೆರೆಯಾಗಿ ಬಿದ್ದಿತ್ತು. “ಬಿಸಿಲು ಬಂತು” ಎಂದರು. ನಾಲ್ಕು ವರ್ಷ ಹಾಗೆಯೇ ಕೂತಿದ್ದು, ಆಮೇಲೆ ಮಗ ಬಂದು ಪುಣೆಗೆ ಕರೆದುಕೊಂಡು ಹೋದ.

ಈಗ ಆ ಮನೆಯಲ್ಲಿ ಹೊಸ ದಂಪತಿಗಳಿದ್ದಾರೆ. ಒಳ್ಳೆಯ ಹುಡುಗ. ಮೊನ್ನೆ ಬಂದು, “ಅಂಕಲ್, ಕಂಬಿಗೆ ಹಸಿರು ಫೈಬರ್ ಷೀಟು ಹೊದಿಸಿಬಿಡಲೇ? ಇಬ್ಬರಿಗೂ ಅನುಕೂಲ” ಎಂದ.

ಸಂಕ್ರಾಂತಿ ಕಳೆಯಲಿ, ಆಮೇಲೆ ನೋಡೋಣಪ್ಪ ಎಂದಿದ್ದೇನೆ.