ಕೈಸರನ ನಾಣ್ಯವೂ ನಮ್ಮೂರಿನ ಧರಣಿಯೂ

ಕನ್ನಡದಲ್ಲಿ ಧರಣಿ ಎಂಬ ಮಾತಿಗೆ ಎರಡು ಅರ್ಥ. ಒಂದು ಭೂಮಿ, ಇನ್ನೊಂದು, ನ್ಯಾಯ ದೊರಕುವ ತನಕ ಏಳೆವೆಂದು ಹಟ ಹಿಡಿದು ಕುಳಿತುಕೊಳ್ಳುವುದು. ನಮ್ಮ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ಮೂರು ವರ್ಷಗಳಿಗೂ ಮೀರಿ ಈ ಎರಡರ್ಥಗಳೂ ಒಂದಾಗಿ ಹೋಗಿದ್ದುವು. ಭೂಮಿಗಾಗಿ ಜನ ಭೂಮಿಯ ಮೇಲೆ ಕುಳಿತಿದ್ದರು.

ಈ ಸಂಚಿಕೆಗೆ ಅದನ್ನು ಕುರಿತು ಬರೆಯುತ್ತೇನೆಂದಾಗ ನನ್ನ ಸಹಪಾಠಿಯೊಬ್ಬ, “ನಿಮ್ಮೋರು ಪ್ರಾರ್ಥನೆ ಮಾಡೋರು, ನಿಮಗ್ಯಾಕಯ್ಯ ರಾಜಕೀಯ?” ಎಂದು ನಕ್ಕ. ಅವನು ತಮಾಷೆಗೆ ಅಂದದ್ದು. ಆದರೆ ಅದೇ ಪ್ರಶ್ನೆಯನ್ನು ನಮ್ಮ ಮನೆಯಲ್ಲಿ, ನಮ್ಮ ದೇವಾಲಯದಲ್ಲಿ ನಾನು ಬಹಳ ಸಲ ಕೇಳಿದ್ದೇನೆ. ಅಲ್ಲಿ ಯಾರೂ ನಗುತ್ತಿರಲಿಲ್ಲ.

ನಮ್ಮೂರಿನಲ್ಲಿ ಕ್ರೈಸ್ತರ ಮನೆಗಳು ಕೈಬೆರಳಿನಲ್ಲಿ ಎಣಿಸುವಷ್ಟು. ಮುತ್ತಾತನ ಕಾಲಕ್ಕೆ ಹೊಲೆಗೇರಿಯಿಂದ ಸಭೆಗೆ ಸೇರಿದ ವಂಶ ನಮ್ಮದು. ತಂದೆಯವರು ಗಾರೆ ಕೆಲಸದವರು, ನಾಲ್ಕನೆಯ ತರಗತಿಯವರೆಗೆ ಓದಿದ್ದಾರೆ. ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಊರಿನಲ್ಲಿ ಯಾವ ಗುಂಪಿಗೂ ಸೇರದೆ, ಯಾರ ಕಣ್ಣಿಗೂ ಬೀಳದೆ ಇದ್ದುಬಿಡುವುದೇ ಅವರ ರಾಜನೀತಿ. “ನಾವಿರಾದು ನಾಕು ಮನೆ ಕಣಪ್ಪ. ನಾಳೆ ಯಾರಾನ ಏನಾನ ಅಂದ್ರೆ ನಮ್ ಪರವಾಗಿ ಯಾರು ಬತ್ತಾರೆ?” ಎನ್ನುತ್ತಾರೆ.

ಅವರ ಭಯಕ್ಕೆ ಕಾರಣವಿಲ್ಲದಿಲ್ಲ. ೧೯೫೦ರ ರಾಷ್ಟ್ರಪತಿಗಳ ಆಜ್ಞೆಯ ಪ್ರಕಾರ ಹಿಂದೂಗಳು, ೧೯೫೬ರಿಂದ ಸಿಖ್ಖರು, ೧೯೯೦ರಿಂದ ಬೌದ್ಧರು, ಇವರಲ್ಲದೆ ಬೇರೆ ಧರ್ಮದವರು ಪರಿಶಿಷ್ಟ ಜಾತಿಗೆ ಸೇರುವುದಿಲ್ಲ. ದೇವನಹಳ್ಳಿ ವಿಧಾನಸಭಾ ಕ್ಷೇತ್ರವೋ ಪರಿಶಿಷ್ಟ ಜಾತಿಗೆ ಮೀಸಲು. ಎಂದರೆ ನಮ್ಮ ಕ್ಷೇತ್ರದಲ್ಲಿ ನಾವು ಮತ ಹಾಕಬಹುದು, ಅಭ್ಯರ್ಥಿಯಾಗಿ ನಿಲ್ಲುವಂತಿಲ್ಲ. ಕೇರಿಯಲ್ಲಿ ನಮ್ಮನ್ನು ಯಾರೂ ಬೇರೆ ಜಾತಿಯವರೆಂದು ಎಣಿಸಲಿಲ್ಲ. ಕಾಗದದಲ್ಲಿ ಮಾತ್ರ ಬೇರೆಯಾದೆವು.

೨೦೨೧ರ ಡಿಸೆಂಬರಿನಲ್ಲಿ ಬೆಳಗಾವಿಯ ಅಧಿವೇಶನದಲ್ಲಿ ಮತಾಂತರಕ್ಕೆ ಸಂಬಂಧಿಸಿದ ಮಸೂದೆ ವಿಧಾನಸಭೆಯ ಒಪ್ಪಿಗೆ ಪಡೆಯಿತು. ನಾನಾಗ ಮೊದಲನೆಯ ಪಿ.ಯು.ಸಿ. ನಮ್ಮ ಪುಟ್ಟ ದೇವಾಲಯದಲ್ಲಿ ಆ ಕ್ರಿಸ್ಮಸ್ ಪೂರ್ತಿ ಅದೇ ಮಾತು, ಅದೇ ಪ್ರಾರ್ಥನೆ, ಉಪವಾಸ. ಹಿರಿಯರು ಕಣ್ಣೀರು ಹಾಕಿದರು. ಮೂರು ತಿಂಗಳು ಕಳೆದು, ೨೦೨೨ರ ಏಪ್ರಿಲ್ ೪ರಂದು, ಚನ್ನರಾಯಪಟ್ಟಣದಲ್ಲಿ ರೈತರು ಧರಣಿ ಕುಳಿತರು. ಏರೋಸ್ಪೇಸ್ ಪಾರ್ಕಿಗೆಂದು ೧೩ ಹಳ್ಳಿಗಳ ೧,೭೭೭ ಎಕರೆ ಜಮೀನನ್ನು ಸರ್ಕಾರ ಸ್ವಾಧೀನಪಡಿಸಿಕೊಳ್ಳಲು ಹೊರಟಿತ್ತು. ಹರಳೂರು, ಪಾಳ್ಯ, ಪೋಲನಹಳ್ಳಿ, ನಲ್ಲೂರು — ಎಲ್ಲ ನಮಗೆ ನೆಂಟರಿರುವ, ಸಂತೆಗೆ ಹೋಗಿಬರುವ ದಾರಿಯ ಊರುಗಳು. ೨೦೦೮ರಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ಭೂಮಿ ಕಳೆದುಕೊಂಡವರು ಏನಾದರೆಂಬುದನ್ನು ಕಣ್ಣಾರೆ ಕಂಡ ಜನ ಅವರು. ಆ ಭಾನುವಾರವೂ, ಅದರ ಮುಂದಿನ ಭಾನುವಾರವೂ ನಮ್ಮ ಪ್ರಾರ್ಥನೆಯಲ್ಲಿ ಅವರ ಹೆಸರು ಬರಲಿಲ್ಲ. ನಮ್ಮ ಮೈಗೆ ತಾಗಿದಾಗ ಅತ್ತೆವು; ಪಕ್ಕದ ಮನೆಯವನ ಹೊಲಕ್ಕೆ ಕಲ್ಲು ನೆಟ್ಟಾಗ ಕಣ್ಣುಮುಚ್ಚಿ ಸ್ತುತಿಗೀತೆ ಹಾಡಿದೆವು. ಈ ಮಾತು ಕಟುವಾಯಿತೋ ಏನೋ. ಹಾಡಿದವರಲ್ಲಿ ನಾನೂ ಒಬ್ಬ.

ಒಮ್ಮೆ ಧೈರ್ಯ ಮಾಡಿ ನಮ್ಮ ಪಾದ್ರಿ ಅಯ್ಯನವರನ್ನು ಕೇಳಿದೆ. ಅವರು ಒಳ್ಳೆಯವರು, ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ೧೩ನೆಯ ಅಧ್ಯಾಯವನ್ನು ತೆರೆದು, ಅಧಿಕಾರಿಗಳಿಗೆ ಅಧೀನರಾಗಿರಬೇಕೆಂದು ಇದೆಯಲ್ಲವೇ ಎಂದರು. ಕೈಸರನದನ್ನು ಕೈಸರನಿಗೆ ಬಿಟ್ಟುಬಿಡಬೇಕೆಂಬುದನ್ನೂ ಜ್ಞಾಪಿಸಿದರು. ನಾನು ಸುಮ್ಮನೆ ಬಂದೆ. ಆದರೆ ಆ ನಾಣ್ಯ ಮಾತ್ರ ತಲೆಯಿಂದ ಹೋಗಲೊಲ್ಲದು. ಯೇಸು ನಾಣ್ಯವನ್ನು ತರಿಸಿ, ಇದರ ಮೇಲೆ ಯಾರ ಮುದ್ರೆ ಇದೆ ಎಂದು ಕೇಳಿದನಷ್ಟೆ. ಮುದ್ರೆ ಯಾರದೋ ವಸ್ತು ಅವರದು ಎಂಬುದೇ ನ್ಯಾಯವಾದರೆ, ದೇವರ ಸ್ವರೂಪದಲ್ಲಿ ಉಂಟಾದವನು ಮನುಷ್ಯನೆಂದು ಆದಿಕಾಂಡವೇ ಹೇಳುವಾಗ, ಮನುಷ್ಯನ ಮೇಲೆ ಕೈಸರನಿಗೆಲ್ಲಿಯ ಹಕ್ಕು? ಇನ್ನು ಭೂಮಿಯ ಮೇಲಂತೂ ಅವನ ಮುದ್ರೆಯೇ ಇಲ್ಲ. ಭೂಮಿ ದೇವರದು, ಅದನ್ನು ಶಾಶ್ವತವಾಗಿ ಮಾರಕೂಡದೆಂದು ಯಾಜಕಕಾಂಡದ ೨೫ನೆಯ ಅಧ್ಯಾಯ ವಿಧಿಸುತ್ತದೆ. ಮೇಲಾಗಿ ಪೌಲನ ಕಾಲದ ಪ್ರಜೆಗೆ ಓಟು ಇರಲಿಲ್ಲ. ೨೦೨೪ರ ಏಪ್ರಿಲ್ ೨೬ರಂದು ನನ್ನ ಬೆರಳಿಗೆ ಶಾಯಿ ಹಚ್ಚಿದಾಗ ಹೊಳೆಯಿತು: ಪ್ರಜಾಪ್ರಭುತ್ವದಲ್ಲಿ ಆ ಕೈಸರನಲ್ಲಿ ನನ್ನದೂ ಒಂದು ಪಾಲು ಇದೆಯಲ್ಲ! ಅವನು ತಪ್ಪಿದರೆ ಆ ತಪ್ಪಿನಲ್ಲಿಯೂ ಪಾಲು ಬರಬೇಕಷ್ಟೆ.

ನಾಬೋತನ ಕಥೆ ನಮ್ಮ ಸಭೆಯ ಮಕ್ಕಳಿಗೆಲ್ಲ ಬಾಯಿಪಾಠ. ಅವನ ದ್ರಾಕ್ಷೀತೋಟ ಅರಮನೆಗೆ ಹತ್ತಿರವಿತ್ತು. ಅಹಾಬ ರಾಜನಿಗೆ ಅದು ಬೇಕಾಯಿತು. ಪಿತ್ರಾರ್ಜಿತವನ್ನು ಕೊಡಲಾರೆನೆಂದ ನಾಬೋತ ಸುಳ್ಳುಸಾಕ್ಷಿಗೆ ಬಲಿಯಾಗಿ ಸತ್ತ. ದ್ರಾಕ್ಷಿ ಬೆಳೆಯುವ ನಮ್ಮ ಸೀಮೆಯಲ್ಲಿ ಈ ಕಥೆಗೆ ವ್ಯಾಖ್ಯಾನವೇ ಬೇಡವೆಂದು ನಾನು ಮೊದಲು ಉಬ್ಬಿಹೋಗಿದ್ದೆ. ಆಮೇಲೆ ಮತ್ತೆ ಓದಿದಾಗ ಒಂದು ಅಂಶ ಕಣ್ಣಿಗೆ ಬಿತ್ತು. ಅಹಾಬ ಮೊದಲಿಗೆ ನ್ಯಾಯವಾಗಿಯೇ ಕೇಳುತ್ತಾನೆ: ಬದಲಿಗೆ ಒಳ್ಳೆಯ ತೋಟ, ಇಲ್ಲವೇ ಹಣ. ಕೇಳಿದ್ದು ತಪ್ಪಲ್ಲ; ಒಲ್ಲೆನೆಂದವನ ಒಲ್ಲೆಯನ್ನು ತುಳಿದದ್ದು ತಪ್ಪು. ನನ್ನ ಸೋದರಮಾವನೇ ಆ ೧೩ ಹಳ್ಳಿಗಳ ಪೈಕಿ ಒಂದರವನು; ಅವನಿಗೆ ಮಾರುವ ಮನಸ್ಸಿತ್ತು. “ರಾಗಿ ಬೆಳ್ದು ಮಗಳ ಮದುವೆ ಮಾಡಕಾಯ್ತದಾ? ನಿನ್ ಸತ್ಯವೇದ ಬಡ್ಡಿ ಕಟ್ತದಾ?” ಎಂದು ನನ್ನನ್ನು ಗದರಿಸಿದ. ಅವನಿಗೆ ಉತ್ತರ ಕೊಡಲು ನನ್ನಿಂದ ಇಂದಿಗೂ ಆಗಿಲ್ಲ. ಮಾರುವವನ ‘ಹೂಂ’ಗೂ ಬೆಲೆಯುಂಟು. ಸತ್ಯವೇದವು ರೆವಿನ್ಯೂ ಕೈಪಿಡಿಯಲ್ಲವೆಂದು ಕಲಿತದ್ದು ಅವನಿಂದ.

ರಾಜ್ಯಶಾಸ್ತ್ರದ ನಮ್ಮ ಗುರುಗಳು ನನ್ನ ಪೇಚಾಟವನ್ನು ನೋಡಿ, ನಿನಗಿಂತ ಮುಂಚೆ ಹೀಗೆ ಪೇಚಾಡಿದವರಿದ್ದಾರೆ, ಹುಡುಕು ಎಂದರು. ಹುಡುಕಿದೆ. ಸೇಲಂ ಕಡೆಯ ಕೆ. ಟಿ. ಪಾಲ್ ಅವರು ೧೯೩೦ರ ದುಂಡುಮೇಜಿನ ಪರಿಷತ್ತಿಗೆ ಕ್ರೈಸ್ತರ ಪ್ರತಿನಿಧಿಯಾಗಿ ಹೋದವರು. ಆದರೂ ತಮ್ಮವರಿಗೆ ಪ್ರತ್ಯೇಕ ಮತಕ್ಷೇತ್ರ ಬೇಡವೆಂಬುದೇ ಅವರ ನಿಲುವು. ಸಂವಿಧಾನ ಸಭೆಯ ಉಪಾಧ್ಯಕ್ಷರಾಗಿದ್ದ ಬಂಗಾಳದ ಕ್ರೈಸ್ತ ಎಚ್. ಸಿ. ಮುಖರ್ಜಿಯವರು ೧೯೪೯ರಲ್ಲಿ ಧಾರ್ಮಿಕ ಅಲ್ಪಸಂಖ್ಯಾತರ ಮೀಸಲು ಸ್ಥಾನಗಳನ್ನು ಬಿಟ್ಟುಕೊಡುವುದಕ್ಕೆ ಬೆಂಬಲವಾಗಿ ನಿಂತರು. ನೆರೆಯವನ ನಂಬಿಕೆಯೇ ನಮಗೆ ಕಾವಲೆಂದು ಅವರು ಬಗೆದಿರಬೇಕು. ದೊಡ್ಡ ಮನಸ್ಸು, ಸಂದೇಹವಿಲ್ಲ. ಆದರೆ ಕೇರಿಯ ಕ್ರೈಸ್ತನ ಗತಿ ಏನೆಂದು ಆ ದೊಡ್ಡ ಮನಸ್ಸಿನವರು ಇನ್ನೂ ಸ್ವಲ್ಪ ಯೋಚಿಸಬಹುದಿತ್ತೆಂದು ನನಗೆ ಅನ್ನಿಸದೆ ಇಲ್ಲ.

ನಮಗೆ ಇನ್ನೂ ಹತ್ತಿರದವರು ಬೆಂಗಳೂರಿನಲ್ಲಿಯೇ ಇದ್ದರು. ಧರ್ಮ ಮತ್ತು ಸಮಾಜದ ಅಧ್ಯಯನಕ್ಕೆಂದು ೧೯೫೭ರಲ್ಲಿ ಅಲ್ಲಿ ಒಂದು ಕ್ರೈಸ್ತ ಸಂಸ್ಥೆ ಹುಟ್ಟಿತು; ಪಿ. ಡಿ. ದೇವನಂದನ್ ಅದರ ಮೊದಲ ನಿರ್ದೇಶಕರು, ೧೯೬೨ರಲ್ಲಿ ಅವರು ತೀರಿಕೊಂಡ ಮೇಲೆ ಎಂ. ಎಂ. ಥಾಮಸ್. ಹೊಸ ಭಾರತವನ್ನು ಕಟ್ಟುವ ಕೆಲಸದಲ್ಲಿ ಕ್ರೈಸ್ತನು ಅನ್ಯಧರ್ಮೀಯರೊಡನೆ ಭುಜಕ್ಕೆ ಭುಜ ಕೊಡಬೇಕೆಂಬುದು ಇವರ ವಾದ. ಥಾಮಸರು ತುರ್ತುಪರಿಸ್ಥಿತಿಯನ್ನು ಬಹಿರಂಗವಾಗಿ ವಿರೋಧಿಸಿದರು. ೧೯೯೦ರಲ್ಲಿ ನಾಗಾಲ್ಯಾಂಡಿನ ರಾಜ್ಯಪಾಲರಾಗಿ, ೧೯೯೨ರಲ್ಲಿ ದೆಹಲಿಯನ್ನು ಕೇಳದೆ ಮುಖ್ಯಮಂತ್ರಿಯ ಸಲಹೆಯಂತೆ ವಿಧಾನಸಭೆಯನ್ನು ವಿಸರ್ಜಿಸಿ ಆ ಪದವಿಯನ್ನೇ ಕಳೆದುಕೊಂಡರು.

ಇಷ್ಟೆಲ್ಲ ಓದಿದವನು ಏನು ಮಾಡಿದೆ? ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ೨೦೨೫ರ ಜೂನ್ ೨೫ರಂದು ‘ದೇವನಹಳ್ಳಿ ಚಲೋ’ ನಡೆಯಿತು. ಮನೆಯಲ್ಲಿ ಹೇಳದೆ ಹೋದೆ. ಮುದುಕಿಯರು ಎಲೆಯಡಿಕೆ ಮೆಲ್ಲುತ್ತ ಕುಳಿತಿದ್ದರು. ಯಾರೂ ನನ್ನ ಜಾತಿಯನ್ನಾಗಲಿ ದೇವರನ್ನಾಗಲಿ ಕೇಳಲಿಲ್ಲ, ಊಟ ಆಯ್ತೇನಪ್ಪ ಎಂದು ಮಾತ್ರ ಕೇಳಿದರು. ಮಧ್ಯಾಹ್ನ ತಂದೆಯವರು ಫೋನ್ ಮಾಡಿದರು. ಎದ್ದುಬಂದೆ. ಬಸ್ಸಿಗೆ ಕಾಯುತ್ತಿದ್ದಾಗ ಯಾರೋ ಒಬ್ಬರು, “ಏನು, ಧರಣಿಗೆ ಬಂದಿದ್ದಾ?” ಎಂದರು. “ಇಲ್ಲ ಸಾರ್, ಕಾಲೇಜಿಂದ ಬರ್ತಿದ್ದೀನಿ” ಎಂದೆ. ಅಂದು ಸಂಜೆ ಪೊಲೀಸರು ಪ್ರತಿಭಟನೆಗಾರರನ್ನು ಹಿಡಿದು ಸಾಗಿಸಿದ ದೃಶ್ಯವನ್ನು ಮನೆಯಲ್ಲಿ ಕುಳಿತು ಫೋನಿನಲ್ಲಿ ನೋಡಿದೆ. ಬೆಂಕಿ ಕಾಯಿಸಿಕೊಳ್ಳುತ್ತ, ನಾನು ಅವನನ್ನರಿಯೆನೆಂದ ಪೇತ್ರನಿಗೆ ಕೋಳಿಯಾದರೂ ಕೂಗಿತ್ತು.

ಜುಲೈ ೧೫ರಂದು ಮುಖ್ಯಮಂತ್ರಿಗಳು ಭೂಸ್ವಾಧೀನವನ್ನು ಕೈಬಿಡುವುದಾಗಿಯೂ, ತಾವಾಗಿ ಕೊಡಲು ಒಪ್ಪಿದವರಿಂದ ಮಾತ್ರ ಜಮೀನು ಪಡೆಯುವುದಾಗಿಯೂ ಘೋಷಿಸಿದರು. ಅದರ ಮುಂದಿನ ಭಾನುವಾರ ಅಯ್ಯನವರು ತಾವಾಗಿಯೇ ಆ ೧೩ ಹಳ್ಳಿಗಳಿಗಾಗಿ ಕೃತಜ್ಞತಾ ಪ್ರಾರ್ಥನೆ ಮಾಡಿದರು. ‘ಆಮೆನ್’ ಎನ್ನುವಾಗ ನನ್ನ ಗಂಟಲು ಕಟ್ಟಿತು.

ಮೊನ್ನೆ ನಮ್ಮೂರ ಗ್ರಾಮಸಭೆಗೆ ಒಂದು ಅರ್ಜಿ ಬರೆದೆ. ಕೇರಿಯ ನಲ್ಲಿಗೆ ನೀರು ಬರುತ್ತಿಲ್ಲ, ಮತ್ತು ನಮ್ಮವರ ಸಮಾಧಿಯ ಜಾಗಕ್ಕೆ ದಾರಿಯಿಲ್ಲ ಎಂದು. ತಂದೆಯವರು ಓದಿಸಿ ಕೇಳಿ, “ಸಮಾಧಿದು ತೆಗ್ದುಬಿಡು, ನೀರಿಂದು ಎಲ್ರಿಗೂ ಆಯ್ತದೆ” ಎಂದರು. ಅರ್ಧಗಂಟೆ ವಾದ ಮಾಡಿದೆವು. ಕೊನೆಗೆ ಎರಡನ್ನೂ ಉಳಿಸಿ, ನೀರನ್ನು ಮೇಲೆ ಬರೆದೆ. ನನ್ನ ಹೆಸರಿನ ಕೆಳಗೆ ಕೇರಿಯ ೨೨ ಜನ ರುಜು ಹಾಕಿದರು. ತಂದೆಯವರು ಹೆಬ್ಬೆಟ್ಟು ಒತ್ತುವವರಲ್ಲ, ನಿಧಾನವಾಗಿ ತಮ್ಮ ಹೆಸರನ್ನು ಪೂರ್ತಿಯಾಗಿ ಬರೆದರು. ನಲ್ಲಿಯಲ್ಲಿ ಇನ್ನೂ ನೀರು ಬಂದಿಲ್ಲ; ಸೋಮವಾರ ಮತ್ತೆ ಪಂಚಾಯಿತಿ ಕಚೇರಿಗೆ ಹೋಗಬೇಕು.