ನಾವು ವಿಮಾನ ಹಾರಿಸಿದ್ದು

ನಾವು ವಿಮಾನ ಹಾರಿಸಿದ ಕಥೆಯನ್ನು ಕೇಳಿದವರು ಮೊದಲು ನಮ್ಮ ವಯಸ್ಸು ಕೇಳುತ್ತಾರೆ, ಆಮೇಲೆ ನಗುತ್ತಾರೆ. ನಗುವವರನ್ನು ತಡೆಯುವ ಇಚ್ಛೆ ನಮಗಿಲ್ಲ. ಎಪ್ಪತ್ತೈದು ದಾಟಿದ ಗಂಡಹೆಂಡಿರು ರಾತ್ರಿ ಊಟ ಮುಗಿಸಿ, ಎಲೆಯಡಿಕೆ ಹಾಕಿಕೊಂಡು, ಮುಂಬಯಿಯ ಎರಡು ಕೋಣೆಯ ಮನೆಯಲ್ಲಿ ಕುಳಿತು ಶಾಂತಸಾಗರದ ಮೇಲೆ ವಿಮಾನ ನಡೆಸುತ್ತಾರೆಂದರೆ ನಗು ಬರತಕ್ಕದ್ದೇ. ಆದರೆ ಆ ಹಾರಾಟದಿಂದ ನಮ್ಮ ಸಂಸಾರದಲ್ಲಿ ಒಂದು ಸಂಗತಿ ನಡೆಯಿತು. ಅದನ್ನು ನಮ್ಮ ಸಂಘದ ಬಂಧುಗಳ ಮುಂದೆ ಇಡುವುದಕ್ಕಾಗಿಯೇ ಈ ಬರೆಹ.

ಮಗನು ಹೆಂಡತಿ ಮಕ್ಕಳೊಡನೆ ನ್ಯೂಜಿಲೆಂಡಿನ ಆಕ್ಲೆಂಡಿಗೆ ಹೋಗಿ ಮೂರು ವರ್ಷವಾಯಿತು. ಹೊರಡುವ ಮುನ್ನ ಮೊಮ್ಮಗ ತನ್ನ ಕಂಪ್ಯೂಟರನ್ನೂ, ಜಾಯ್‌ಸ್ಟಿಕ್ ಎಂಬ ಒಂದು ಹಿಡಿಕೆಯನ್ನೂ ನಮಗೆ ಒಪ್ಪಿಸಿದ. "ಅಜ್ಜಿ, ಇದರಲ್ಲಿ ಫ್ಲೈಟ್ ಸಿಮ್ಯುಲೇಟರ್ ಇದೆ. ಹಾರಿಕೊಂಡು ಆಕ್ಲೆಂಡಿಗೆ ಬಂದುಬಿಡಿ" ಎಂದ. ಆ ಯಂತ್ರಕ್ಕೆ ನಾವು ಎರಡೂವರೆ ವರ್ಷ ಬಟ್ಟೆ ಹೊದಿಸಿ ಇಟ್ಟಿದ್ದೆವು. ಈಚೆಗೆ ವೈದ್ಯರು ನಮ್ಮಲ್ಲಿ ಒಬ್ಬರಿಗೆ ಹೆಚ್ಚು ನಡೆಯಬಾರದೆಂದು ಹೇಳಿದ್ದರಿಂದ ಸಂಜೆಯ ತಿರುಗಾಟ ನಿಂತಿತು, ಬಟ್ಟೆ ತೆಗೆದೆವು.

ಅರಿಯದವರಿಗಾಗಿ ಎರಡು ಮಾತು. ನೆಲದ ಮೇಲೆ ಕುಳಿತೇ ವಿಮಾನ ನಡೆಸುವ ಈ ವಿದ್ಯೆ ಹೊಸದಲ್ಲ. ಅಮೆರಿಕದ ಎಡ್ವಿನ್ ಲಿಂಕ್ ಎಂಬಾತ 1929ರಲ್ಲಿ, ತಂದೆಯ ಆರ್ಗನ್ ವಾದ್ಯದ ಕಾರ್ಖಾನೆಯಲ್ಲಿ ಕಲಿತ ತಿದಿಯ ಕೆಲಸವನ್ನೇ ಬಳಸಿ, ಇದ್ದಲ್ಲಿಯೇ ವಾಲುವ, ಹೊರಳುವ ಒಂದು ಪೆಟ್ಟಿಗೆ ಮಾಡಿದ. ಎರಡನೆಯ ಮಹಾಯುದ್ಧದ ಎಷ್ಟೋ ಪೈಲಟ್ಟುಗಳು ಅದರೊಳಗೆ ಕುಳಿತು ಕಲಿತರು. ಬ್ರೂಸ್ ಆರ್ಟ್‌ವಿಕ್ ಎಂಬಾತ ರಚಿಸಿದ ಕಂಪ್ಯೂಟರ್ ಆಟವನ್ನು ಮೈಕ್ರೋಸಾಫ್ಟ್ ಕಂಪನಿ 1982ರಲ್ಲಿ ಪೇಟೆಗೆ ತಂದಿತು. 2020ರ ಅದರ ಆವೃತ್ತಿಯಲ್ಲಿ ಉಪಗ್ರಹದ ಚಿತ್ರಗಳನ್ನು ಜೋಡಿಸಿ ಭೂಮಂಡಲವನ್ನೇ ತಂದಿಟ್ಟಿದ್ದಾರೆ. ಬೇಕೆಂದರೆ ಆ ಹೊತ್ತಿಗೆ ಆ ಊರಿನ ಮೇಲಿರುವ ಮೋಡವೂ ಗಾಳಿಯೂ ಪರದೆಯ ಮೇಲೆ ಬರುತ್ತವೆ.

ನಮ್ಮಲ್ಲಿ ಪೈಲಟ್ಟು ಮನೆಯಾಕೆ. ಐವತ್ತು ವರ್ಷ ತೆಳ್ಳೇವು ಎರೆದ ಕೈ ನಡುಗುವುದಿಲ್ಲ. ರೈಲ್ವೆಯ ಲೆಕ್ಕಪತ್ರ ವಿಭಾಗದಿಂದ ನಿವೃತ್ತರಾದ ಯಜಮಾನರು ನಕ್ಷೆಗಾರರು. ದಿಕ್ಕು, ದೂರ, ವೇಳೆ, ಪೆಟ್ರೋಲು ಎಲ್ಲವನ್ನೂ ಹಳೆಯ ರಿಜಿಸ್ಟರಿನಲ್ಲಿ ಬರೆಯುವುದು ಅವರ ಕೆಲಸ. ಮೊದಲ ಹಾರಾಟ ಜುಹುವಿನಿಂದ. 1932ರಲ್ಲಿ ಜೆ. ಆರ್. ಡಿ. ಟಾಟಾ ಕರಾಚಿಯಿಂದ ಅಂಚೆ ಹೊತ್ತು ಬಂದಿಳಿದ ಆ ನೆಲದಿಂದ ನಾವೂ ಎದ್ದೆವು. ಎದ್ದ ಅರ್ಧ ನಿಮಿಷಕ್ಕೆ ಸಮುದ್ರದಲ್ಲಿ ಬಿದ್ದೆವು. ಪರದೆ ಕಪ್ಪಾಯಿತು. ಮತ್ತೆ ಆರಂಭಿಸುವಿರಾ ಎಂದು ಯಂತ್ರ ಕೇಳಿತು. ಆ ವಾರ ಏಳು ಬಾರಿ ಬಿದ್ದೆವು, ಏಳು ಬಾರಿಯೂ ಯಂತ್ರ ಬೇಸರಿಸದೆ ಅದನ್ನೇ ಕೇಳಿತು. ಇಷ್ಟು ತಾಳ್ಮೆಯ ಗುರುವನ್ನು ನಾವು ಬೇರೆಲ್ಲೂ ಕಂಡಿಲ್ಲ.

ಭಾನುವಾರ ಮಧ್ಯಾಹ್ನ ಆಕ್ಲೆಂಡಿನಿಂದ ಫೋನು ಬರುವುದು ವಾಡಿಕೆ. ಮಗ, "ಅಪ್ಪ, ಹೇಗಿದ್ದೀರಿ?" ಎನ್ನುತ್ತಾನೆ. ನಾವು, "ಎಲ್ಲ ಕ್ಷೇಮ" ಎನ್ನುತ್ತೇವೆ. ಆಮೇಲೆ ಮೊಮ್ಮಗನ ಸರದಿ. ನಾವು ಹಾರಲು ಕಲಿತದ್ದನ್ನು ಕೇಳಿ ಅವನು ಕುಣಿದ. "ದೊಡ್ಡ ಊರಿಗೆ ಹೋಗೋದು ಸುಲಭ ಅಜ್ಜ, ಪೆಸಿಫಿಕ್‌ನಲ್ಲಿ ಸಣ್ಣ ದ್ವೀಪ ಹುಡುಕಿ ನೋಡಿ" ಎಂದ. ಹೀಗೆ ನಮ್ಮ ದ್ವೀಪಯಾತ್ರೆ ಮೊದಲಾಯಿತು.

ಮೊದಲು ಹೋದದ್ದು ತುವಾಲು ದೇಶದ ಫುನಾಫುಟಿಗೆ. ಫಿಜಿಯ ಸುವಾ ನಗರದಿಂದ ಉತ್ತರಕ್ಕೆ ಸುಮಾರು ಸಾವಿರ ಕಿಲೋಮೀಟರು, ನಡುವೆ ಬರಿಯ ನೀರು. ದೇಶದ ಜನಸಂಖ್ಯೆಯೆಲ್ಲ ಸೇರಿ ಹತ್ತು ಹನ್ನೊಂದು ಸಾವಿರ. ನಮ್ಮ ಉಪನಗರದ ಒಂದೆರಡು ಬೀದಿಗಳಲ್ಲಿ ಅಷ್ಟು ಜನ ಸಿಕ್ಕಾರು. ನೀಲಿಯ ನಡುವೆ, ಬಳೆಯ ಚೂರಿನಂತೆ, ಒಂದು ತೆಳ್ಳನೆಯ ಹಸುರು ಗೆರೆ ಕಂಡಾಗ ನಾವಿಬ್ಬರೂ ಕುರ್ಚಿಯಿಂದ ಎದ್ದು ನಿಂತೆವು. ಅಲ್ಲಿಯ ರನ್‌ವೇಯನ್ನು 1943ರಲ್ಲಿ ಅಮೆರಿಕದ ಸೈನ್ಯ ಕಟ್ಟಿತು. ವಿಮಾನ ಬರುವುದು ವಾರಕ್ಕೆ ಕೆಲವೇ ದಿನ. ಉಳಿದ ಹೊತ್ತಿನಲ್ಲಿ ಅದೇ ಊರಿನ ಮೈದಾನ. ಸಂಜೆ ಅದರ ಮೇಲೆ ಚೆಂಡಾಟ ನಡೆಯುತ್ತದೆ. ವಿಮಾನ ಬರುವ ಮುನ್ನ ಸೈರನ್ನು ಕೂಗಿ ಜನರನ್ನು ಎಬ್ಬಿಸುತ್ತಾರೆ. ನಮ್ಮ ಪರದೆಯಲ್ಲಿ ಸೈರನ್ನೂ ಇರಲಿಲ್ಲ, ಮಕ್ಕಳೂ ಇರಲಿಲ್ಲ. ಇಳಿದು ಎಂಜಿನು ನಿಲ್ಲಿಸಿದ ಮೇಲೆ ಪೈಲಟ್ಟು, "ಇಷ್ಟು ದೂರ ಬಂದರೂ ನೀರು ಬೇಕೇ ಎಂದು ಕೇಳುವವರಿಲ್ಲ, ನೋಡಿ" ಎಂದಳು.

ಅನಂತರ ಹವಾಯಿಯ ಹೊನೊಲುಲುವಿನಿಂದ ದಕ್ಷಿಣಕ್ಕೆ, ಕಿರಿಬಾತಿ ದೇಶದ ಕಿರಿತಿಮಾತಿಗೆ ಹೋದೆವು. ಆ ಭಾಷೆಯ ಬರವಣಿಗೆಯಲ್ಲಿ 'ಸ' ಇಲ್ಲ. ಅದಕ್ಕೆ ಬದಲು 'ತಿ' ಬರೆಯುತ್ತಾರೆ. ಕಿರಿತಿಮಾತಿ ಎಂದರೆ ಕ್ರಿಸ್ಮಸ್. 1777ರ ಡಿಸೆಂಬರ್ 24ರಂದು ಕ್ಯಾಪ್ಟನ್ ಕುಕ್ ಅಲ್ಲಿಗೆ ಮುಟ್ಟಿದ್ದರಿಂದ ಬಂದ ಹೆಸರು. ಅಲ್ಲಿ ಲಂಡನ್ ಎಂಬ ಹಳ್ಳಿಯಿದೆ, ಪೋಲೆಂಡ್ ಎಂಬ ಹಳ್ಳಿಯಿದೆ. ಪ್ಯಾರಿಸ್ ಮಾತ್ರ ಜನರಿಲ್ಲದೆ ಪಾಳುಬಿದ್ದಿದೆ. 1995ರಲ್ಲಿ ಕಿರಿಬಾತಿಯವರು ತಮ್ಮ ದೇಶವೆಲ್ಲ ಒಂದೇ ದಿನದಲ್ಲಿರಲೆಂದು ತಾರೀಖಿನ ಗೆರೆಯನ್ನು ಪೂರ್ವಕ್ಕೆ ಸರಿಸಿದರು. ಆದ್ದರಿಂದ ಹೊನೊಲುಲುವಿನಲ್ಲಿಯೂ ಕಿರಿತಿಮಾತಿಯಲ್ಲಿಯೂ ಗಡಿಯಾರ ಒಂದೇ. ತಾರೀಖು ಮಾತ್ರ ಒಂದು ದಿನ ಮುಂದೆ. "ಹಾಗಾದರೆ ಅಲ್ಲಿ ಏಕಾದಶಿ ಹಿಡಿದು ಇಲ್ಲಿಗೆ ಹಾರಿದರೆ ನೇರವಾಗಿ ದ್ವಾದಶಿಯ ಪಾರಣೆ!" ಎಂದು ಪೈಲಟ್ಟಿಗೆ ಹರ್ಷವಾಯಿತು. ತಿಥಿ ಚಂದ್ರನದು, ಚಂದ್ರನಿಗೆ ಈ ಗೆರೆ ಕಾಣುವುದಿಲ್ಲ ಎಂದು ನಕ್ಷೆಗಾರರು ತಣ್ಣೀರೆರಚಿದರು.

ಇಷ್ಟಾದ ಮೇಲೆ ನಮಗೆ ಸ್ವಲ್ಪ ಗರ್ವ ಬಂತು. ಈ ಯಾತ್ರೆಗಳಲ್ಲಿ ಪರದೆಯ ಮೇಲಿನ ಜಿ.ಪಿ.ಎಸ್. ದಾರಿ ತೋರಿಸುತ್ತಿತ್ತು. ಅದನ್ನು ಆರಿಸಿ, ದಿಕ್ಸೂಚಿ ಗಡಿಯಾರಗಳನ್ನೇ ನಂಬಿ ಹೌಲ್ಯಾಂಡ್ ದ್ವೀಪವನ್ನು ಹುಡುಕುವುದೆಂದು ನಿಶ್ಚಯಿಸಿದೆವು.

ಹೌಲ್ಯಾಂಡಿನ ಹೆಸರಿನೊಡನೆ ಎಮೀಲಿಯಾ ಇಯರ್‌ಹಾರ್ಟ್ ಎಂಬ ಅಮೆರಿಕದ ಮಹಿಳೆಯ ಹೆಸರು ಸೇರಿಕೊಂಡಿದೆ. 1932ರಲ್ಲಿ ಅಟ್ಲಾಂಟಿಕ್ ಸಾಗರವನ್ನು ಒಬ್ಬಳೇ ಹಾರಿ ದಾಟಿದ ಮೊದಲ ಮಹಿಳೆ ಆಕೆ. 1937ರಲ್ಲಿ ಭೂಪ್ರದಕ್ಷಿಣೆಗೆ ಹೊರಟಾಗ ಜೂನ್ ತಿಂಗಳಲ್ಲಿ ಕರಾಚಿಗೂ ಕಲ್ಕತ್ತೆಗೂ ಬಂದಿಳಿದಿದ್ದಳು. ಜೊತೆಗೆ ಫ್ರೆಡ್ ನೂನನ್ ಎಂಬ ನಕ್ಷೆಗಾರ. ನಡೆಸುವವಳು ಹೆಣ್ಣು, ನಕ್ಷೆ ಹಿಡಿದವನು ಗಂಡು. ನಮ್ಮ ಮನೆಯ ಏರ್ಪಾಡೇ. ಜುಲೈ 2ರಂದು ಅವರು ನ್ಯೂಗಿನಿಯ ಲೇ ಎಂಬ ಊರಿನಿಂದ ಹೌಲ್ಯಾಂಡಿಗೆ ಹೊರಟರು. ದೂರ 4,100 ಕಿಲೋಮೀಟರಿಗೂ ಹೆಚ್ಚು. ದ್ವೀಪವೋ ಉದ್ದ ಎರಡು ಕಿಲೋಮೀಟರು ಚಿಲ್ಲರೆ, ಅಗಲ ಒಂದಕ್ಕೂ ಕಡಿಮೆ, ಎತ್ತರ ಒಂದು ತೆಂಗಿನ ಮರದಷ್ಟೂ ಇಲ್ಲ. ದಿಕ್ಕಿನಲ್ಲಿ ಒಂದೇ ಡಿಗ್ರಿ ತಪ್ಪಿದರೆ ಅರವತ್ತು ಮೈಲಿಗೆ ಒಂದು ಮೈಲಿ ಪಕ್ಕಕ್ಕೆ ಸರಿಯುತ್ತೇವೆ ಎಂಬುದು ನಕ್ಷೆಗಾರರ ಹಳೆಯ ಸೂತ್ರ. ಅಷ್ಟು ದೂರಕ್ಕೆ ಅದು ಸುಮಾರು 70 ಕಿಲೋಮೀಟರಾಗುತ್ತದೆ.

ಇಪ್ಪತ್ತು ಗಂಟೆಯ ಆ ಹಾದಿಯನ್ನು ಕುಳಿತು ಕಳೆಯುವ ಶಕ್ತಿ ನಮಗಿರಲಿಲ್ಲ. ಆದುದರಿಂದ ಕಿರಿಬಾತಿಯ ತರಾವಾದಿಂದ, ಪೂರ್ವಕ್ಕೆ ಕಡೆಯ ಹನ್ನೊಂದು ನೂರು ಚಿಲ್ಲರೆ ಕಿಲೋಮೀಟರನ್ನು ಮಾತ್ರ ಹಾರುವುದೆಂದಾಯಿತು. ಒಂದು ಶುಕ್ರವಾರ ಸಂಜೆಯೇ ಊಟ ಮುಗಿಸಿ ಹೊರಟೆವು. ಸುಮಾರು ನಾಲ್ಕು ಗಂಟೆಯ ಹಾದಿ. ಲೆಕ್ಕದ ಪ್ರಕಾರ ದ್ವೀಪ ಕೆಳಗಿರಬೇಕಾದ ಹೊತ್ತಿಗೆ ಕೆಳಗೆ ನೀರಿತ್ತು. "ಅಗೋ ಅಲ್ಲಿ!" ಎಂದು ಪೈಲಟ್ಟು ಕೂಗಿದಳು, ಹತ್ತಿರ ಹೋದರೆ ಮೋಡದ ನೆರಳು. ಅಂಥ ನೆರಳುಗಳು ನೂರಾರು, ಒಂದೊಂದೂ ದ್ವೀಪದ ಆಕಾರದವು. ಉತ್ತರಕ್ಕೆ ಹೋದೆವು, ದಕ್ಷಿಣಕ್ಕೆ ಹೋದೆವು. ಹಿಂದಿರುಗಲು ಬೇಕಾದ ಪೆಟ್ರೋಲು ಖರ್ಚಾದ ಗಳಿಗೆಯನ್ನು ನಕ್ಷೆಗಾರರು ರಿಜಿಸ್ಟರಿನಲ್ಲಿ ಬರೆದರು, ಬಾಯಿಬಿಟ್ಟು ಹೇಳಲಿಲ್ಲ. ರಾತ್ರಿ ಹನ್ನೊಂದೂವರೆಗೆ ಎಂಜಿನು ಒಂದಾದ ಮೇಲೊಂದು ನಿಂತವು.

ಪರದೆ ಕಪ್ಪಾಯಿತು. ಯಂತ್ರ ತನ್ನ ಪ್ರಶ್ನೆ ಕೇಳಿತು. ಪೈಲಟ್ಟು ಗುಂಡಿ ಒತ್ತಲಿಲ್ಲ.

"ಅವರಿಗೂ ಹೀಗೆಯೇ ಆಯಿತೇ?" ಎಂದಳು.

ನಕ್ಷೆಗಾರರು ಓದಿದ್ದನ್ನು ಹೇಳಿದರು. ಹೌಲ್ಯಾಂಡಿನ ಬಳಿ ಇಟಾಸ್ಕಾ ಎಂಬ ಹಡಗು ಅವರಿಗಾಗಿ ಕಾದಿತ್ತು. ನಾವು ನಿಮ್ಮ ಹತ್ತಿರವೇ ಇರಬೇಕು, ಆದರೆ ನೀವು ಕಾಣುತ್ತಿಲ್ಲ, ಪೆಟ್ರೋಲು ತೀರುತ್ತಿದೆ ಎಂಬರ್ಥದ ಆಕೆಯ ಮಾತು ಹಡಗಿನ ರೇಡಿಯೋದಲ್ಲಿ ಚೆನ್ನಾಗಿ ಕೇಳುತ್ತಿತ್ತು. ಹಡಗಿನವರ ಮಾತು ಆಕೆಗೆ ಮುಟ್ಟಲಿಲ್ಲ. ಕಣ್ಣಿಗಾದರೂ ಬೀಳಲೆಂದು ಹಡಗಿನವರು ಕಪ್ಪು ಹೊಗೆ ಎಬ್ಬಿಸಿದರು. ಅದೂ ಕಾಣಲಿಲ್ಲ. ಆ ಇಬ್ಬರೂ ಮತ್ತೆ ಸಿಗಲೇ ಇಲ್ಲ.

ಪೈಲಟ್ಟು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರು ಹೊಗೆಯನ್ನಾದರೂ ಎಬ್ಬಿಸಿದರು. ಅಪ್ಪಯ್ಯ ಅದನ್ನೂ ಮಾಡಲಿಲ್ಲ, ಅಲ್ಲವೇ?" ಎಂದಳು.

ಇಲ್ಲಿ ಹಿಂದಿನ ಕಥೆಯೊಂದನ್ನು ಹೇಳಬೇಕು. ನಮ್ಮ ಊರು ಕುಮಟೆಯ ಕಡೆ. ಅಪ್ಪಯ್ಯ ತಿಂಗಳಿಗೊಂದು ಇನ್‌ಲ್ಯಾಂಡ್ ಕಾಗದ ಬರೆಯುತ್ತಿದ್ದರು. ಅಡಿಕೆಯ ಧಾರಣೆ, ಹಸು ಕರು ಹಾಕಿದ್ದು, ಮಳೆ, ಕಡೆಗೆ 'ಇಲ್ಲಿ ನಾವೆಲ್ಲ ಕ್ಷೇಮ'. 1979ರ ಆಷಾಢದಲ್ಲಿ ಕಾಗದದ ಬದಲು ತಂತಿ ಬಂತು. ಬಸ್ಸು ಹಿಡಿದು ಹೊರಟೆವು. ಅರಬೈಲು ಘಟ್ಟದಲ್ಲಿ ಮರ ಬಿದ್ದು ಒಂದು ರಾತ್ರಿ ದಾರಿಯಲ್ಲೇ ಕಳೆಯಿತು. ಮುಟ್ಟಿದಾಗ ಎಲ್ಲ ಮುಗಿದಿತ್ತು. ಆರು ತಿಂಗಳಿಂದ ಅವರಿಗೆ ಅನ್ನ ಸೇರುತ್ತಿರಲಿಲ್ಲವಂತೆ. ಆಯಿ ಹೇಳಿದಳು: "ಬರೆಯೋದು ಬೇಡ ಅಂದರು. ರಜೆ ಹಾಳಾಗ್ತದೆ, ಮಗುವಿನ ಶಾಲೆ ತಪ್ತದೆ ಅಂದರು." ಆ ಆರು ಕಾಗದಗಳು ಇಂದಿಗೂ ನಮ್ಮ ಟ್ರಂಕಿನಲ್ಲಿವೆ. ಆರರಲ್ಲಿಯೂ ಕ್ಷೇಮ.

ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ನಕ್ಷೆಗಾರರ ಹೃದಯದ ರಕ್ತನಾಳವೊಂದು ಕಟ್ಟಿದೆ, ಸ್ಟೆಂಟ್ ಹಾಕಬೇಕು, ತಡಮಾಡಬೇಡಿ ಎಂದು ವೈದ್ಯರು ಹೇಳಿ ಎರಡು ತಿಂಗಳಾಗಿತ್ತು. ಅಷ್ಟು ಭಾನುವಾರಗಳೂ ನಾವು ಮಗನಿಗೆ ಹೇಳಿದ್ದು "ಎಲ್ಲ ಕ್ಷೇಮ" ಎಂದೇ. ಹೊಸ ನೌಕರಿ, ಮನೆಯ ಸಾಲ, ಹುಡುಗನ ಪರೀಕ್ಷೆ. ದೂರದವನಿಗೆ ಯಾಕೆ ತೊಂದರೆ? ಅಪ್ಪಯ್ಯನ ಮಾತನ್ನೇ ನಾವು ಅಕ್ಷರಶಃ ಆಡುತ್ತಿದ್ದೆವು. ಅದು ಆ ಕಪ್ಪು ಪರದೆಯ ಮುಂದೆ ಕುಳಿತಾಗಲೇ ತಿಳಿದದ್ದು.

ಭಾನುವಾರ ಹೇಳಿದೆವು. ಮಗ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಎರಡು ತಿಂಗಳಿಂದ ಇದನ್ನ ಇಟ್ಕೊಂಡು ಕೂತಿದ್ರಾ ಅಪ್ಪ? ನಾನು ಯಾರು ಅಂತ ತಿಳಿದಿರಿ?" ಎಂದು ರೇಗಿದ. ಅವನು ನಮ್ಮ ಮೇಲೆ ಅಷ್ಟು ರೇಗಿದ್ದು ಅದೇ ಮೊದಲು. ನಮಗೆ ಯಾಕೋ ಸಮಾಧಾನವಾಯಿತು. ಹನ್ನೊಂದನೆಯ ದಿನ ಅವನೂ ಮೊಮ್ಮಗನೂ ನಮ್ಮ ಬಾಗಿಲಲ್ಲಿದ್ದರು. ಆ ವಾರವೇ ಸ್ಟೆಂಟ್ ಹಾಕಿದರು. ಇನ್ನೂ ತಡವಾಗಿದ್ದರೆ ಎಂದು ವೈದ್ಯರು ಏನೋ ಹೇಳಹೊರಟರು. ಮಗನ ಮುಖ ನೋಡಿ ನಿಲ್ಲಿಸಿದರು.

ಆಸ್ಪತ್ರೆಯಿಂದ ಬಂದ ಮೇಲೆ ಮೊಮ್ಮಗ ನಕ್ಷೆಗಾರರ ರಿಜಿಸ್ಟರನ್ನು ತಿರುವಿಹಾಕಿ ಹೊಟ್ಟೆ ಹುಣ್ಣಾಗುವಂತೆ ನಕ್ಕ. "ಅಜ್ಜ, ದಿಕ್ಸೂಚಿಯ ಮುಳ್ಳು ನಿಜವಾದ ಉತ್ತರ ತೋರಿಸೋದಿಲ್ಲ! ಆ ಕಡೆ ಒಂಬತ್ತು ಡಿಗ್ರಿಯಷ್ಟು ವ್ಯತ್ಯಾಸ ಇದೆ. ಅದನ್ನ ಕಳೆಯೋದೇ ಮರೆತಿದ್ದೀರಿ." ಲೆಕ್ಕ ಹಾಕಿದರೆ ನಾವು ಸುಮಾರು 180 ಕಿಲೋಮೀಟರು ದಕ್ಷಿಣಕ್ಕೆ ಸರಿದು ಅಲ್ಲಿಯೇ ಸುತ್ತುತ್ತಿದ್ದೆವು. ಮೂವತ್ತೈದು ವರ್ಷ ಲೆಕ್ಕಪತ್ರ ನೋಡಿದವರ ಮಾನ ಹೋಯಿತು.

ಮರುದಿನ ಮೂವರೂ ಕೂಡಿ ಮತ್ತೆ ತರಾವಾದಿಂದ ಎದ್ದೆವು. ಮಗ ಹಿಂದೆ ನಿಂತು ನೋಡುತ್ತಿದ್ದ. ನಾಲ್ಕನೆಯ ಗಂಟೆಗೆ ಎಡಗಡೆ ಒಂದು ಕಂದು ಚುಕ್ಕೆ ಕಂಡಿತು. ಈ ಬಾರಿ ಅದು ನೆರಳಾಗಿರಲಿಲ್ಲ. ಆಕೆಗಾಗಿ 1937ರಲ್ಲಿ ಅಲ್ಲಿ ರನ್‌ವೇ ಸಮಮಾಡಿದ್ದರು. ಆಕೆ ಅದರ ಮೇಲೆ ಇಳಿಯಲೇ ಇಲ್ಲ. 1941ರ ಡಿಸೆಂಬರಿನಲ್ಲಿ ಜಪಾನೀಯರು ಅದರ ಮೇಲೆ ಬಾಂಬು ಹಾಕಿದರು. ಈಗ ಅಲ್ಲಿ ಜನವಸತಿಯಿಲ್ಲ. ಹಕ್ಕಿಗಳಿಗೆ ಬಿಟ್ಟ ನೆಲ. ನಾವು ಎರಡು ಸುತ್ತು ಹಾಕಿ ಪೆಟ್ರೋಲು ನೋಡಿಕೊಂಡು ಹಿಂದಿರುಗಿದೆವು.

ನಮ್ಮ ಸಂಘದಲ್ಲಿ ಊರು ಬಿಟ್ಟು ಬಂದವರೇ ಎಲ್ಲರೂ. ಈಗ ಎಷ್ಟೋ ಮನೆಗಳ ಮಕ್ಕಳು ನಮ್ಮನ್ನೂ ದಾಟಿ ಮುಂದೆ ಹೋಗಿದ್ದಾರೆ. ಅವರು ನಮ್ಮನ್ನು ಮರೆತವರಲ್ಲ, ವಾರಕ್ಕೊಮ್ಮೆ ನಮ್ಮ ಮೇಲೆ ಸುತ್ತು ಹಾಕುತ್ತಲೇ ಇರುತ್ತಾರೆ. ಅವರಿಗೆ ಕಾಣುವಂತೆ ಮಾಡುವ ಕೆಲಸ ನಮ್ಮದು. ಮುಂದಿನ ಭಾನುವಾರ "ಎಲ್ಲ ಕ್ಷೇಮ" ಎನ್ನುವ ಮುನ್ನ ಬಂಧುಗಳು ಒಂದು ಗಳಿಗೆ ತಡೆದು ನೋಡಬೇಕೆಂದು ನಮ್ಮ ಪ್ರಾರ್ಥನೆ.

ಮೊಮ್ಮಗ ಹಿಂದಿರುಗಿದ್ದಾನೆ. ನಾವು ಈಗ ಫಿಜಿಯವರೆಗೆ ಬಂದಿದ್ದೇವೆ. ದೀಪಾವಳಿಯ ಹೊತ್ತಿಗೆ ಆಕ್ಲೆಂಡಿನಲ್ಲಿ ಇಳಿಯುವ ಅಂದಾಜು. ಒಂಬತ್ತು ಡಿಗ್ರಿಯ ಆ ಲೆಕ್ಕವನ್ನು ನಕ್ಷೆಗಾರರು ರಿಜಿಸ್ಟರಿನ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದಾರೆ.