ಬಂಕಿನ ಕೆಳಗಿನ ನೀರು

ಬೆಳಗಿನ ಹೊತ್ತು ಮಂಡ್ಯದ ಅಥವಾ ಮದ್ದೂರಿನ ಪೆಟ್ರೋಲ್ ಬಂಕಿಗೆ ಹೋದವರು ಒಂದು ಕೆಲಸವನ್ನು ಗಮನಿಸಿರಬಹುದು. ನೆಲದ ಮೇಲಿನ ಮುಚ್ಚಳ ತೆಗೆದು, ಉದ್ದನೆಯ ಅಳತೆಕೋಲನ್ನು ಟ್ಯಾಂಕಿಗೆ ಇಳಿಸಿ, ಮೇಲೆತ್ತಿ, ಒದ್ದೆಯ ಗೆರೆ ಎಲ್ಲಿದೆಯೆಂದು ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಕೋಲಿನ ತುದಿಗೆ ಸವರಿದ ಪೇಸ್ಟಿನ ಬಣ್ಣ ಬದಲಾದರೆ ಟ್ಯಾಂಕಿನ ತಳದಲ್ಲಿ ನೀರು ಸೇರಿದೆ ಎಂದರ್ಥ. ಪೆಟ್ರೋಲಿಗೆ ನೀರು ಬೆರೆತಿದೆಯೇ ಎಂದು ಸ್ಕೂಟರಿನವರೂ ಜಗಳಕ್ಕೆ ನಿಂತು ಕೇಳುತ್ತಾರೆ. ನೀರಿಗೆ ಪೆಟ್ರೋಲು ಬೆರೆತಿದೆಯೇ ಎಂದು ಕೇಳುವವರು ಮಾತ್ರ ಕಡಿಮೆ.

ಪೆಟ್ರೋಲು ಆವಿಯಾಗುವ ವಸ್ತು. ಆದ್ದರಿಂದ ಲೆಕ್ಕದಲ್ಲಿ ಒಂದಿಷ್ಟು ಕೊರತೆ ಬಂದರೆ ಯಾರೂ ಗಾಬರಿಯಾಗುವುದಿಲ್ಲ. ತುಕ್ಕು ಹಿಡಿದ ಪೈಪಿನ ಸಣ್ಣ ಸೋರಿಕೆ ಅಡಗಿಕೊಳ್ಳುವುದು ಈ ಕೊರತೆಯ ಮರೆಯಲ್ಲೇ. ಇಲ್ಲಿ ವಿದ್ಯಾರ್ಥಿಗಳು ಮಾಡಿ ನೋಡಬಹುದಾದ ಲೆಕ್ಕವೊಂದಿದೆ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 1 ಭಾಗದವರೆಗೆ ಬೆಂಜೀನ್ ಇರಬಹುದು. ರಕ್ತದ ಕ್ಯಾನ್ಸರ್ ತರುವ ವಸ್ತು ಅದು. 1 ಲೀಟರಿನಲ್ಲಿ 10 ಮಿಲಿಲೀಟರ್, ಅಂದರೆ ಸುಮಾರು 8.8 ಗ್ರಾಂ. ಕುಡಿಯುವ ನೀರಿನಲ್ಲಿ ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಭಾಗಿಸಿದರೆ, ಒಂದೇ ಲೀಟರ್ ಪೆಟ್ರೋಲಿನ ಬೆಂಜೀನು ಸುಮಾರು 8.8 ಲಕ್ಷ ಲೀಟರ್ ನೀರನ್ನು ಆ ಮಿತಿಗೆ ಮುಟ್ಟಿಸಬಲ್ಲದು.

ಮಂಡ್ಯ ಸೀಮೆಯ ನೆಲ ಈ ಕಷ್ಟವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಪೆಟ್ರೋಲು ನೀರಿಗಿಂತ ಹಗುರ. ಇಂಗಿ ಇಳಿದು ಅಂತರ್ಜಲದ ಮೇಲೆ ತೇಲುತ್ತದೆ. ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟಾಗ ಅಚ್ಚುಕಟ್ಟಿನಲ್ಲಿ ನೆಲದ ನೀರು ಏರುತ್ತದೆ, ನಿಲ್ಲಿಸಿದಾಗ ಇಳಿಯುತ್ತದೆ. ತೇಲುವ ಪೆಟ್ರೋಲೂ ಅದರೊಂದಿಗೆ ಏರಿಳಿದು, ಗೋಡೆಗೆ ಸುಣ್ಣ ಬಳಿದಂತೆ ಮಣ್ಣಿನ ಪದರಗಳಿಗೆಲ್ಲ ಬಳಿದುಕೊಳ್ಳುತ್ತದೆ. ಮಳವಳ್ಳಿಯ ಕಡೆಯಾಗಲಿ ಮದ್ದೂರಿನ ಕಡೆಯಾಗಲಿ, ಅಡಿಯಲ್ಲಿರುವುದು ಗಟ್ಟಿ ಬಂಡೆ. ನೀರು ಹರಿಯುವುದು ಅದರ ಬಿರುಕುಗಳಲ್ಲಿ, ಬಿರುಕು ಯಾವ ಕಡೆಗೆ ಹೋಗಿದೆಯೆಂದು ಮೇಲಿನಿಂದ ಕಾಣದು. ಪಕ್ಕದ ಕೊಳವೆಬಾವಿ ಶುದ್ಧವಾಗಿದ್ದು, ನಾಲ್ಕು ಮನೆ ಆಚೆಯ ಅಕ್ಕ “ನೀರ್ಯಾಕೋ ಸೀಮೆಣ್ಣೆ ನಾತ ಹೊಡೀತದೆ ಕಣವ್ವ” ಎನ್ನುವಂತಾಗಬಹುದು.

ಇದು ಬರೀ ಊಹೆಯಲ್ಲ. ಚೆನ್ನೈನ ತಂಡಿಯಾರ್‌ಪೇಟೆಯಲ್ಲಿ 2013ರಲ್ಲಿ ಕೊಳವೆಬಾವಿಗಳಿಂದ ನೀರಿನ ಜೊತೆ ಇಂಧನವೂ ಬಂತು. ನೆಲದಡಿಯ ಕೊಳವೆಮಾರ್ಗ ಸೋರಿತ್ತು. ಅಮೆರಿಕದ ಸಾಂಟಾ ಮೋನಿಕಾ ನಗರ 1996ರಲ್ಲಿ ತನ್ನ ಮುಖ್ಯ ಬಾವಿಗಳನ್ನೇ ಮುಚ್ಚಬೇಕಾಯಿತು. ಆ ಬಾವಿಗಳ ನೀರನ್ನು ಶುದ್ಧಮಾಡಿ ಮತ್ತೆ ಜನರಿಗೆ ಕೊಡಲು ಒಂದು ದಶಕಕ್ಕೂ ಹೆಚ್ಚು ಕಾಲ ಹಿಡಿಯಿತು.

ಹಾಗಾದರೆ ತೊಳೆಯುವುದು ಹೇಗೆ? ಮೊದಲು ಸೋರಿಕೆ ನಿಲ್ಲಬೇಕು, ಟ್ಯಾಂಕು ಬರಿದಾಗಬೇಕು. ಸುತ್ತ ಪರೀಕ್ಷಾ ಬಾವಿಗಳನ್ನು ಕೊರೆದು ವಿಷ ಎಲ್ಲಿಯವರೆಗೆ ಹರಡಿದೆಯೆಂದು ಗುರುತಿಸಬೇಕು. ಹಾಲಿನ ಕೆನೆ ತೆಗೆದಂತೆ ತೇಲುವ ಪೆಟ್ರೋಲನ್ನು ತೆಗೆಯುತ್ತಾರೆ. ಮಣ್ಣಿನ ಸಂದುಗಳಲ್ಲಿನ ಆವಿಯನ್ನು ಪಂಪಿನಿಂದ ಹೀರುತ್ತಾರೆ. ನೀರನ್ನು ಮೇಲೆತ್ತಿ ಗಾಳಿ ಹಾಯಿಸಿ, ಇದ್ದಿಲಿನ ಮೂಲಕ ಸೋಸುತ್ತಾರೆ. ತೆಂಗಿನ ಕರಟದಿಂದ ತಯಾರಿಸಿದ ಇದ್ದಿಲು ಇದಕ್ಕೆ ಬಲು ಒಳ್ಳೆಯದು; ಮದ್ದೂರಿನವರಿಗೆ ಕರಟಕ್ಕೇನು ಬರ!

ಆದರೆ ಮಣ್ಣಿಗೆ ಅಂಟಿದ್ದು ಪಂಪಿಗೆ ಸುಲಭವಾಗಿ ಬಗ್ಗುವುದಿಲ್ಲ. 1972ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದ ಆ್ಯಂಬ್ಲರ್ ಎಂಬಲ್ಲಿ ರಿಚರ್ಡ್ ರೇಮಂಡ್ ಮತ್ತು ಸಂಗಡಿಗರು ಬೇರೆಯೇ ದಾರಿ ಹಿಡಿದರು. ಪೆಟ್ರೋಲನ್ನು ತಿಂದು ಬದುಕುವ ಬ್ಯಾಕ್ಟೀರಿಯಾಗಳು ಮಣ್ಣಿನಲ್ಲೇ ಇವೆ. ಅವಕ್ಕೆ ಕೊರತೆಯಿದ್ದದ್ದು ಉಸಿರಿಗೆ ಮತ್ತು ಪೋಷಣೆಗೆ. ಬಾವಿಗಳ ಮೂಲಕ ಗಾಳಿಯನ್ನೂ, ರೈತರು ಕಬ್ಬಿಗೆ ಕೊಡುವಂಥದೇ ಸಾರಜನಕ ಮತ್ತು ರಂಜಕವನ್ನೂ ಕೊಟ್ಟರು. ಮುಂದೆ ಈ ವಿಧಾನ ಎಷ್ಟೋ ಕಡೆ ಬಳಕೆಗೆ ಬಂತು.

ಮಂಡ್ಯದವರಿಗೆ ತಾಗುವ ಸಂಗತಿ ಇನ್ನೊಂದಿದೆ. ಮೈಷುಗರ್ ಶುರುವಾದ 1933ರಿಂದ ಈ ಊರಿನ ಹೆಸರು ಕಬ್ಬಿನೊಡನೆ ಬೆಸೆದುಕೊಂಡಿದೆ. ಕಬ್ಬಿನಿಂದಲೂ ತೆಗೆಯುವ ಎಥನಾಲ್ 2022ರಲ್ಲಿ ದೇಶದ ಪೆಟ್ರೋಲಿನ ನೂರಕ್ಕೆ 10 ಭಾಗ ಮುಟ್ಟಿತು. 2025ರಲ್ಲಿ 20 ಭಾಗದ ಹತ್ತಿರ ಬಂತು. ರೈತನಿಗೆ ಅದು ಒಳ್ಳೆಯ ಸುದ್ದಿಯೇ. ಆದರೆ ಇಂಧನ ಸೋರಿದಾಗ ಬ್ಯಾಕ್ಟೀರಿಯಾಗಳು ರುಚಿಯಾದ ಎಥನಾಲನ್ನು ಮೊದಲು ತಿಂದು, ಇದ್ದ ಆಮ್ಲಜನಕವನ್ನೂ ಮುಗಿಸುತ್ತವೆ. ಬೆಂಜೀನು ಉಳಿದು ಇನ್ನಷ್ಟು ದೂರ ಸಾಗುತ್ತದೆ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2020ರ ಮಾರ್ಗಸೂಚಿಯಂತೆ ಹೊಸ ಬಂಕು ಶಾಲೆ, ಆಸ್ಪತ್ರೆ, ವಸತಿ ಪ್ರದೇಶಗಳಿಂದ 50 ಮೀಟರ್ ದೂರವಿರಬೇಕು. ಅನಿವಾರ್ಯವಾದರೂ 30 ಮೀಟರಿಗಿಂತ ಹತ್ತಿರ ಕೂಡದು. ಹಳೆಯವುಗಳ ಮಾತು ಬೇರೆ. 2023ರ ಮಾರ್ಚಿನಲ್ಲಿ ಬೆಂಗಳೂರು–ಮೈಸೂರು ಹೊಸ ಹೆದ್ದಾರಿಯ ಉದ್ಘಾಟನೆಯಾಯಿತು, ವಾಹನಗಳು ಊರ ಹೊರಗಿನ ಬೈಪಾಸು ಹಿಡಿದವು. ಹಳೆ ರಸ್ತೆಯ ಬಂಕೊಂದು ಮುಚ್ಚಿ, ಆ ಜಾಗ ನಾಳೆ ಸೈಟಾಗಿ ಮಾರಾಟಕ್ಕೆ ಬಂದರೆ, ಕೊಳ್ಳುವವರು ಖಾತೆ, ಕಂದಾಯ ನೋಡುವಷ್ಟೇ ಶ್ರದ್ಧೆಯಿಂದ ಟ್ಯಾಂಕು ತೆಗೆದಿದ್ದಾರೆಯೇ, ಮಣ್ಣು ಪರೀಕ್ಷೆಯಾಗಿದೆಯೇ ಎಂದೂ ಕೇಳಬೇಕು.

ಇನ್ನು ನೀರಿಗೆ ಇಂಧನದ ವಾಸನೆ ಬಂದ ಮನೆಯವರು ಕಡ್ಡಿ ಗೀರಿ ಪರೀಕ್ಷಿಸುವ ಸಾಹಸಕ್ಕೆ ಹೋಗಬಾರದು. ಕುದಿಸಿ ಕುಡಿದರಾಯಿತು ಎನ್ನುವುದೂ ತಪ್ಪು. ಕುದಿಸಿದರೆ ಆ ವಿಷದ ಆವಿ ಅಡಿಗೆಮನೆಯನ್ನೇ ತುಂಬುತ್ತದೆ. ಪಂಪು ನಿಲ್ಲಿಸಿ, ಅಕ್ಕಪಕ್ಕದವರಿಗೆ ತಿಳಿಸಿ, ಮಾಲಿನ್ಯ ನಿಯಂತ್ರಣ ಮಂಡಳಿಗೆ ಬರವಣಿಗೆಯಲ್ಲಿ ದೂರು ಕೊಟ್ಟು, ನೀರಿನ ಪರೀಕ್ಷೆಯ ವರದಿ ಕೈಗೆ ಬರುವವರೆಗೆ ಬೇರೆ ಕಡೆಯ ನೀರು ತರುವುದೇ ಸರಿ.